ಹೆಸರಿಲ್ಲದ ಡಬ್ಬಿಯ ಪುಡಿಯನ್ನು ಮಗಳಿಗೆ ಕೊಡಬಹುದೇ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಹಳ್ಳಿ. ಮಗಳಿಗೆ 17 ವರ್ಷ. ತುಮಕೂರಿನಲ್ಲಿ ಪಿಯುಸಿ ಓದುತ್ತಾ ವೇಟ್‌ಲಿಫ್ಟಿಂಗ್ ಅಭ್ಯಾಸ ಮಾಡುತ್ತಿದ್ದಾಳೆ, ರಾಜ್ಯ ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ತರಬೇತುದಾರರು ಹೆಸರಿಲ್ಲದ ಡಬ್ಬಿಯಲ್ಲಿ ಪುಡಿ ಮತ್ತು ಮಾತ್ರೆ ಕೊಟ್ಟು ‘ಬರೀ ಶಕ್ತಿಗೆ’ ಎಂದಿದ್ದಾರೆ. ವೇಟ್‌ಲಿಫ್ಟರ್ ಸಂಜಿತಾ ಚಾನು ಉದ್ದೀಪನ ಮದ್ದಿನ ಆರೋಪದಿಂದ ಒಮ್ಮೆ ಮುಕ್ತರಾಗಿ ಮತ್ತೆ ನಿಷೇಧಕ್ಕೆ ಒಳಗಾದ ಸುದ್ದಿ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಮಗಳನ್ನು ಆಟದಿಂದ ಬಿಡಿಸಿಬಿಡಲೇ?
– ಒಬ್ಬ ತಾಯಿ

ಉತ್ತರ: ಬಿಡಿಸಬೇಡಿ, ತಾಯಿ. ಆ ಪುಡಿ ಮತ್ತು ಮಾತ್ರೆಯನ್ನು ಮಾತ್ರ ಇಂದೇ ನಿಲ್ಲಿಸಿ. ಡಬ್ಬಿಯನ್ನು ಎಸೆಯದೆ ಎತ್ತಿಡಿ, ಮುಂದೆ ಬೇಕಾಗಬಹುದು.

ಸಂಜಿತಾ ಅವರ ವಿಷಯದಲ್ಲಿ ಎರಡು ಬೇರೆ ಬೇರೆ ಪ್ರಕರಣಗಳಿವೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ 48 ಕೆ.ಜಿ. ವಿಭಾಗದಲ್ಲಿ, 2018ರ ಗೋಲ್ಡ್‌ಕೋಸ್ಟ್ ಕೂಟದ 53 ಕೆ.ಜಿ. ವಿಭಾಗದಲ್ಲಿ ಅವರು ಚಿನ್ನ ಗೆದ್ದರು. ಎರಡನೆಯ ಚಿನ್ನ ಗೆದ್ದ ಮರುತಿಂಗಳೇ ಅಮಾನತು ಬಂತು: 2017ರ ನವೆಂಬರಿನಲ್ಲಿ ಅಮೆರಿಕದಲ್ಲಿ ತೆಗೆದ ಮೂತ್ರದ ಮಾದರಿಯಲ್ಲಿ ಟೆಸ್ಟೋಸ್ಟೆರಾನ್ ಸಿಕ್ಕಿದೆ ಎಂದರು. ಆ ಮಾದರಿಯ ಸಂಖ್ಯೆಯಲ್ಲೇ ಗೊಂದಲವಿತ್ತು. ಪರೀಕ್ಷೆಯ ಕ್ರಮದಲ್ಲಿ ಲೋಪಗಳಿದ್ದುದರಿಂದ ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟ 2020ರಲ್ಲಿ ಆರೋಪ ಕೈಬಿಟ್ಟಿತು. ಒಬ್ಬ ಲಿಫ್ಟರ್‌ನ ಬದುಕಿನಲ್ಲಿ ಎರಡು ವರ್ಷವೆಂದರೆ ಸಣ್ಣ ಅವಧಿಯಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಎರಡನೆಯದು 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದ್ದು. ಅಲ್ಲಿ ಕೊಟ್ಟ ಮಾದರಿಯಲ್ಲಿ ಡ್ರೊಸ್ಟನೊಲೋನ್ ಎಂಬ ಸ್ಟೀರಾಯ್ಡ್ ಪತ್ತೆಯಾಗಿ, ಮರುವರ್ಷ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ನಾಲ್ಕು ವರ್ಷಗಳ ನಿಷೇಧ ಹೇರಿತು.

ಈ ವ್ಯವಸ್ಥೆಯ ನಿಯಮ ಕಠಿಣ. ದೇಹದಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಸಾಕು, ಅದಕ್ಕೆ ಕ್ರೀಡಾಪಟುವೇ ಹೊಣೆ. ‘ತರಬೇತುದಾರರು ಕೊಟ್ಟರು, ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಶಿಕ್ಷೆಯನ್ನು ತಗ್ಗಿಸಬಹುದೇ ಹೊರತು ಆರೋಪವನ್ನು ಅಳಿಸುವುದಿಲ್ಲ. 18 ತುಂಬದವರಿಗೆ ಕೆಲವು ರಿಯಾಯಿತಿಗಳಿವೆ. ಮಾದರಿ ಕೊಡುವಾಗ ಜೊತೆಗೆ ಹಿರಿಯರೊಬ್ಬರನ್ನು ಇರಿಸಿಕೊಳ್ಳುವ ಹಕ್ಕೂ ಇದೆ. ಆದರೆ ನಿಷೇಧ ಬಿದ್ದರೆ ಸ್ಪರ್ಧೆ ಮಾತ್ರವಲ್ಲ, ತಂಡದೊಡನೆ ಅಭ್ಯಾಸವೂ ನಿಲ್ಲುತ್ತದೆ. ಅವಧಿಯ ಕೊನೆಯ ಭಾಗದಲ್ಲಷ್ಟೇ ಅದಕ್ಕೆ ಅವಕಾಶ.

ಅದಕ್ಕಿಂತ ದೊಡ್ಡ ಚಿಂತೆ ಮಗಳ ದೇಹದ್ದು. ಕ್ರೀಡೆಯಲ್ಲಿ ಶಕ್ತಿಗೆಂದು ಕೊಡುವ ಸ್ಟೀರಾಯ್ಡ್ ಎಂದರೆ ಗಂಡಸಿನ ಹಾರ್ಮೋನಿನ ಬಳಗ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲಬಹುದು, ಮೊಡವೆ ಏಳಬಹುದು, ಮುಖದ ಮೇಲೆ ಕೂದಲು ಬರಬಹುದು. ದನಿ ಒಡೆದು ಗಡಸಾದರೆ, ಔಷಧ ನಿಲ್ಲಿಸಿದ ಮೇಲೂ ಹಾಗೇ ಉಳಿಯಬಹುದು. ಪುಡಿ ತೆಗೆದುಕೊಂಡ ದಿನಗಳಲ್ಲಿ ಅವಳಲ್ಲಿ ಇಂಥ ಬದಲಾವಣೆ ಏನಾದರೂ ಕಂಡಿದೆಯೇ? ಬೈಯದೆ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಕಂಡಿದ್ದರೆ ಸ್ತ್ರೀರೋಗ ತಜ್ಞರಲ್ಲಿಗೆ ಡಬ್ಬಿಯೊಡನೆಯೇ ಕರೆದುಕೊಂಡು ಹೋಗಿ.

ತೂಕದ ವಿಭಾಗಕ್ಕೆ ಹೊಂದಿಸಲು ಕೊಡುವ ‘ನೀರಿಳಿಸುವ ಮಾತ್ರೆ’ಯೂ ಅಪಾಯವೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಿದ್ದ ವೇಟ್‌ಲಿಫ್ಟರ್ ಸನಮಾಚಾ ಚಾನು ಅವರ ಮಾದರಿಯಲ್ಲಿ ಸಿಕ್ಕಿದ್ದು ಅಂಥದ್ದೇ ಮಾತ್ರೆ, ಫ್ಯೂರೊಸೆಮೈಡ್. ರಕ್ತದೊತ್ತಡಕ್ಕೆ, ಕಾಲು ಊತಕ್ಕೆ ವೈದ್ಯರು ಬರೆದುಕೊಡುವ ಸಾಮಾನ್ಯ ಮಾತ್ರೆ ಅದು. ಮನೆಯಲ್ಲಿ ಅಜ್ಜಿಗೆ ತಂದದ್ದು ಇದ್ದರೆ ಬೇರೆ ಇಡಿ.

ನಾಟಿ ಔಷಧಿಯಲ್ಲಿ ಏನೂ ಇರುವುದಿಲ್ಲ ಎಂದೂ ನಂಬಬೇಡಿ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಸ್ಪರ್ಧೆಯ ವೇಳೆ ನಿಷಿದ್ಧ. 2001ರಲ್ಲಿ ವೇಟ್‌ಲಿಫ್ಟರ್ ಕುಂಜರಾಣಿ ದೇವಿ ಅವರಿಗೆ ಆರು ತಿಂಗಳ ನಿಷೇಧ ತಂದದ್ದೂ ಸ್ಟ್ರಿಕ್ನಿನ್ನೇ. ಅವರು ಅಲ್ಲಿಗೇ ನಿಲ್ಲಲಿಲ್ಲ; 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕೂಟದಲ್ಲಿ 48 ಕೆ.ಜಿ. ವಿಭಾಗದ ಚಿನ್ನ ಗೆದ್ದರು. ಹಬ್ಬಕ್ಕೋ ಸ್ಪರ್ಧೆಗೋ ಮುಟ್ಟು ಮುಂದೂಡಲು ನುಂಗುವ ನಾರೆಥಿಸ್ಟೆರೋನ್ ಮಾತ್ರೆಗೆ ನಿಷೇಧವಿಲ್ಲ. ಆದರೆ ಅದು ಮೂತ್ರದಲ್ಲಿ ಬಿಡುವ ಅಂಶ ನ್ಯಾಂಡ್ರೊಲೋನ್ ಎಂಬ ಸ್ಟೀರಾಯ್ಡ್ ಬಿಡುವಂಥದ್ದೇ. ಆದ್ದರಿಂದ ವೈದ್ಯರ ಚೀಟಿ ಜೋಪಾನ ಮಾಡಿ, ಮಾದರಿ ಕೊಡುವಾಗ ನಮೂನೆಯಲ್ಲಿ ಆ ಮಾತ್ರೆಯ ಹೆಸರು ಬರೆಸಿ.

ವೈದ್ಯರು ಬರೆದ ಯಾವುದೇ ಔಷಧಿಯನ್ನು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹುಡುಕಿ ನೋಡಬಹುದು. ನಿಷಿದ್ಧ ಪಟ್ಟಿ ಪ್ರತಿವರ್ಷ ಜನವರಿ 1ಕ್ಕೆ ಹೊಸದಾಗುತ್ತದೆ, ಹೋದ ವರ್ಷದ ಉತ್ತರ ಈ ವರ್ಷ ತಪ್ಪಾಗಬಹುದು. ಚಿಕಿತ್ಸೆಗೆ ನಿಷಿದ್ಧ ಔಷಧಿಯೇ ಬೇಕಾದರೆ ಅದಕ್ಕೆ ಅನುಮತಿ ಕೇಳುವ ಕ್ರಮವೂ ಇದೆ. ಪುಡಿಗಳಿಗೆ ಮಾತ್ರ ಇಂಥ ಆಸರೆಯಿಲ್ಲ. ಡಬ್ಬಿಯ ಮೇಲೆ ಬರೆಯದ ಸ್ಟೀರಾಯ್ಡ್ ಒಳಗೆ ಇರಬಹುದು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದ್ದ ಮಾತ್ರಕ್ಕೆ ಆ ಭಯ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಮೊಟ್ಟೆ, ಹಾಲು, ಮೊಳಕೆ ಹುರುಳಿ, ಕಡಲೆಕಾಯಿ, ಮುದ್ದೆಯ ಜೊತೆ ಗಟ್ಟಿ ಬೇಳೆ ಸಾರು ಹೊಟ್ಟೆ ತುಂಬ ಸಿಕ್ಕರೆ ಅವಳಿಗೆ ಪುಡಿ ಬೇಕಾಗುವುದಿಲ್ಲ.

ಇನ್ನು ತರಬೇತುದಾರರು. ಪುಡಿಯ ಹೆಸರು, ಕೊಂಡ ಅಂಗಡಿಯ ಬಿಲ್ಲು, ಮಾತ್ರೆಯ ಪಟ್ಟಿಯನ್ನು ಅವರಿಂದ ಕೇಳಿ. ನೇರವಾಗಿ ತೋರಿಸಿದರೆ ಕೂತು ಮಾತನಾಡಿ. ‘ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ’ ಎಂದು ಜಾರಿಕೊಂಡರೆ ಮಗಳನ್ನು ಅವರ ಬಳಿ ಬಿಡಬೇಡಿ. ಜಿಲ್ಲಾ ಕ್ರೀಡಾಂಗಣದಲ್ಲಿರುವ ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಬೇರೆ ತರಬೇತುದಾರರನ್ನು ವಿಚಾರಿಸಿ. ಅಪ್ರಾಪ್ತರಿಗೆ ಸ್ಟೀರಾಯ್ಡ್ ಕೊಟ್ಟದ್ದು ರುಜುವಾತಾದರೆ ತರಬೇತುದಾರರಿಗೆ ಆಜೀವ ನಿಷೇಧ ಬೀಳಬಹುದು. ನಾಡಾಗೆ ದೂರು ಕೊಡಲು ಹಿಂಜರಿಯಬೇಡಿ, ಅದೇ ಪುಡಿ ತಿನ್ನುತ್ತಿರುವ ಬೇರೆ ಮಕ್ಕಳೂ ಅಲ್ಲಿರಬಹುದು.