ಯುದ್ಧದಲ್ಲಿ ಗಾಯವಾಗಿದೆ, ಮೆಡಲ್ ಮಾತ್ರ ದಾಖಲೆಯಲ್ಲಿಲ್ಲ

ಮೆಡಲ್ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಡಿಸ್ಚಾರ್ಜ್ ಬುಕ್ ಅಂದರೆ ಸೇವೆ ಮುಗಿದಾಗ ಸೈನ್ಯ ಕೊಡುವ ಪುಸ್ತಕ, ರೆಕಾರ್ಡ್ ಆಫೀಸ್ ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿ. ಯಾವ ರೆಕಾರ್ಡ್ ಆಫೀಸ್ ಎಲ್ಲಿದೆ ಅಂತ ಮತ್ತೆ ಹೇಳುತ್ತಾ ಕೂರುವುದಿಲ್ಲ. ಅದು ಬುಕ್‌ನಲ್ಲೇ ಬರೆದಿರುತ್ತದೆ, ಮೊದಲು ತೆಗೆದು ಓದಿ.

ನಮ್ಮ ತಂದೆ ಆರ್ಟಿಲರಿಯಲ್ಲಿದ್ದರು. 1971ರ ಯುದ್ಧದಲ್ಲಿ ಪಂಜಾಬ್ ಗಡಿಯಲ್ಲಿ ಶೆಲ್ ಚೂರು ತೊಡೆಗೆ ಹೊಕ್ಕು ಮಿಲಿಟರಿ ಆಸ್ಪತ್ರೆ ಸೇರಿದ್ದರು. ವಾಸಿಯಾದ ಮೇಲೆ ಬೇರೆ ರೆಜಿಮೆಂಟಿಗೆ ಪೋಸ್ಟಿಂಗ್ ಆಯಿತು. 1984ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದರು. ಡಿಸ್ಚಾರ್ಜ್ ಬುಕ್‌ನಲ್ಲಿ ಪಶ್ಚಿಮ ಗಡಿಯ ಸೇವೆಗೆ ಕೊಟ್ಟ ಪಶ್ಚಿಮಿ ಸ್ಟಾರ್, ಆ ಯುದ್ಧದ ಸಂಗ್ರಾಮ್ ಮೆಡಲ್ ಇವೆ, ಗಾಯಕ್ಕೆ ಕೊಡುವ ವೂಂಡ್ ಮೆಡಲ್ ಇಲ್ಲ. ಇಬ್ಬರು ಜೊತೆಗಾರರಿಂದ ಅಫಿಡವಿಟ್ ಮಾಡಿಸಿ, ಮಾಜಿ ಸೈನಿಕರ ಕಲ್ಯಾಣ ನೋಡುವ ಸೈನಿಕ ಬೋರ್ಡ್‌ಗೆ ಕೊಟ್ಟರೆ ಸೇರಿಸಿಕೊಡುತ್ತಾರೆ ಅಂತ ಊರಲ್ಲಿ ಹೇಳುತ್ತಾರೆ. ನಿಜವೇ? (ಗದಗ ಜಿಲ್ಲೆಯ ಓದುಗರು)

ನಿಜವಲ್ಲ. ಈ ಅಫಿಡವಿಟ್ ಸಲಹೆ ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಅದರಿಂದ ಉದ್ಧಾರವಾದವರು ಬಾಂಡ್ ಪೇಪರ್ ಮಾರುವವರು ಮಾತ್ರ. ಜಿಲ್ಲೆಯ ಸೈನಿಕ ಬೋರ್ಡ್ ನಿಮ್ಮ ಅರ್ಜಿಗೆ ಒಂದು ಕವರಿಂಗ್ ಲೆಟರ್ ಹಾಕಿ ಮುಂದಕ್ಕೆ ಕಳಿಸಬಹುದು. ಸೇವಾ ದಾಖಲೆಯಲ್ಲಿ ಒಂದು ಅಕ್ಷರವನ್ನೂ ಅದು ತಿದ್ದುವಂತಿಲ್ಲ.

ರೆಕಾರ್ಡ್ ಆಫೀಸ್ ಕೂಡ ತನ್ನಷ್ಟಕ್ಕೆ ಏನನ್ನೂ ಸೇರಿಸುವುದಿಲ್ಲ. ಜವಾನನ ಪ್ರಮೋಷನ್, ಮದುವೆ, ಮಗು ಹುಟ್ಟಿದ್ದು, ಗಾಯ, ಮೆಡಲ್ ಎಲ್ಲವನ್ನೂ ಯೂನಿಟ್ ಪಾರ್ಟ್ ಟು ಆರ್ಡರ್ ಅನ್ನುವ ಲಿಖಿತ ಆದೇಶದಲ್ಲಿ ಹೊರಡಿಸುತ್ತದೆ. ಅದನ್ನು ನೋಡಿ ರೆಕಾರ್ಡ್ ಆಫೀಸಿನವರು ಶೀಟ್ ರೋಲ್‌ನಲ್ಲಿ, ಅಂದರೆ ಆತನ ಸೇವೆಯ ಮೂಲ ದಾಖಲೆಯಲ್ಲಿ, ಏರಿಸುತ್ತಾರೆ. ಸೇವೆ ಮುಗಿಯುವಾಗ ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಹಾಗಾಗಿ ನಿಮ್ಮ ತಂದೆಯವರ ಮೆಡಲ್ ಎರಡು ಕಡೆಗಳಲ್ಲಿ ಒಂದರಲ್ಲಿ ತಪ್ಪಿಹೋಗಿರಬೇಕು. ಆರ್ಡರ್ ಹೊರಟಿದ್ದು ಬುಕ್ ತುಂಬುವ ಕ್ಲರ್ಕ್ ಬಿಟ್ಟಿರಬಹುದು. ಇಲ್ಲವೇ ಆರ್ಡರೇ ಹೊರಟಿಲ್ಲ. ಮೊದಲನೆಯದು ಸಲೀಸು. ಎರಡನೆಯದಕ್ಕೆ ತಾಳ್ಮೆ ಬೇಕು.

ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ. ಕಾರಣ ಹೇಳುತ್ತೇನೆ. ವೂಂಡ್ ಮೆಡಲ್, ಅಂದರೆ ಪರಾಕ್ರಮ ಪದಕ, ಶುರುವಾದದ್ದೇ 1973ರಲ್ಲಿ. 1947ರ ಆಗಸ್ಟ್ 15ರಿಂದ ಆದ ಗಾಯಗಳಿಗೂ ಅದು ಅನ್ವಯಿಸುತ್ತದೆ. ಆದರೆ ಹಳೆಯ ಗಾಯಕ್ಕೆ ಯಾರಾದರೂ ಕ್ಲೇಮ್ ಹಾಕಬೇಕಲ್ಲ? ಗಾಯವಾದಾಗ ಇದ್ದ ರೆಜಿಮೆಂಟು "ಆತ ಈಗ ನಮ್ಮಲ್ಲಿಲ್ಲ" ಅಂದಿರುತ್ತದೆ. ಹೊಸ ರೆಜಿಮೆಂಟಿಗೆ ಗಾಯದ ವಿಷಯವೇ ಗೊತ್ತಿರುವುದಿಲ್ಲ. ತಂದೆಯವರು ಆ ನಡುವೆ ಪೋಸ್ಟಿಂಗ್ ಹೋದರು ಅಂತ ನೀವೇ ಬರೆದಿದ್ದೀರಿ.

ಈಗ ಮಾಡಬೇಕಾದ್ದು. ತಂದೆಯವರು ತಮ್ಮ ಸಹಿಯಲ್ಲೇ ನಾಸಿಕ್‌ನ ಆರ್ಟಿಲರಿ ರೆಕಾರ್ಡ್ಸ್‌ಗೆ ಪತ್ರ ಬರೆಯಲಿ. ಮಗ ಬರೆಯುವುದು ಬೇಡ. ಆರ್‌ಟಿಐ ಹಾಕಿದರೂ ಅಷ್ಟೇ, ಮಗನ ಹೆಸರಲ್ಲಿ ಹೋದರೆ "ಮೂರನೆಯವರ ಮಾಹಿತಿ" ಅಂತ ತಳ್ಳಿಹಾಕಲು ಅವರಿಗೆ ದಾರಿ ಸಿಗುತ್ತದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು, ತಂದೆಯವರ ಸಹಿ. ಮೊದಲ ಪತ್ರದಲ್ಲೇ "ಮೆಡಲ್ ಕೊಡಿ" ಅಂತ ಕೇಳಬೇಡಿ. ಶೀಟ್ ರೋಲ್‌ನ ದೃಢೀಕೃತ ಪ್ರತಿ ಕೇಳಿ. ಜೊತೆಗೆ 1971ರ ಡಿಸೆಂಬರ್‌ನಲ್ಲಿ ಬ್ಯಾಟಲ್ ಕ್ಯಾಶುವಾಲ್ಟಿ (ಯುದ್ಧದ ಗಾಯಾಳು) ಅಂತ ಅವರ ಹೆಸರಲ್ಲಿ ಏನಾದರೂ ದಾಖಲಾಗಿದೆಯೇ ಅಂತ ಕೇಳಿ. ಅಷ್ಟೇ ಸಾಕು.

ಬ್ಯಾಟಲ್ ಕ್ಯಾಶುವಾಲ್ಟಿ ಅನ್ನುವ ಪದಕ್ಕೆ ಅಡಿಗೆರೆ ಎಳೆಯಿರಿ. ಈ ಮೆಡಲ್ ಶತ್ರುವಿನ ನೇರ ದಾಳಿಯಿಂದ ಆದ ಗಾಯಕ್ಕೆ ಮಾತ್ರ. ಅದೇ ಯುದ್ಧದಲ್ಲಿ, ಅದೇ ವಾರ, ಗಾಡಿ ಪಲ್ಟಿಯಾಗಿ ಕಾಲು ಮುರಿದವರಿಗೆ ಸಿಗುವುದಿಲ್ಲ. ಪಶ್ಚಿಮಿ ಸ್ಟಾರ್ ಇರುವುದರಿಂದ ತಂದೆಯವರು ಆ ಸೆಕ್ಟರ್‌ನಲ್ಲಿದ್ದರು ಅಂತ ಸಾಬೀತಾಯಿತು. ಗಾಯ ಹೇಗಾಯಿತು ಅನ್ನುವುದಕ್ಕೆ ಬೇರೆ ಕಾಗದವೇ ಬೇಕು.

ಉತ್ತರ ಬರುವಷ್ಟರಲ್ಲಿ ಮನೆಯ ಟ್ರಂಕ್ ಇಳಿಸಿ. ಆಸ್ಪತ್ರೆಯ ಚೀಟಿ ಹುಡುಕಿ. ನಿವೃತ್ತಿಯ ಹೊತ್ತಿನ ಮೆಡಿಕಲ್ ಬೋರ್ಡ್ ಕಾಗದದಲ್ಲಿ ಹಳೆಯ ಗಾಯದ ಕಾಲಂ ನೋಡಿ. ಜವಾನ ಗಾಯಗೊಂಡಾಗ ಮನೆಗೆ ತಂತಿ ಬರುತ್ತಿತ್ತು. ಅಜ್ಜಿ ಅದನ್ನು ದೇವರ ಕೋಣೆಯಲ್ಲೋ ಅಕ್ಕಿ ಡಬ್ಬಿಯಲ್ಲೋ ಇಟ್ಟಿದ್ದರೆ ಆ ತುಂಡು ಕಾಗದ ನಿಮ್ಮ ಹತ್ತು ಅಫಿಡವಿಟ್‌ಗಿಂತ ಮೇಲು. ಆಸ್ಪತ್ರೆಯಿಂದ ಬರೆದ 56 ಎಪಿಒ (ಸೈನ್ಯದ ಅಂಚೆ ಕಚೇರಿ) ಮೊಹರಿನ ಕಾಗದಗಳನ್ನೂ ಎಸೆಯಬೇಡಿ, ತಾರೀಖಿಗೆ ಬೆಂಬಲವಾಗುತ್ತವೆ. ಜೊತೆಗಾರರ ಹೇಳಿಕೆ ಬೇಡವೇ ಬೇಡ ಅಂತಲ್ಲ. ಇವುಗಳ ಹಿಂದೆ ಕೊನೆಯ ಪುಟವಾಗಿ ಇರಲಿ.

ಶೀಟ್ ರೋಲ್‌ನಲ್ಲಿ ಮೆಡಲ್‌ನ ನಮೂದೇ ಸಿಕ್ಕರೆ ಆರ್ಡರ್ ನಂಬರ್, ತಾರೀಖು ಬರೆದು ಬುಕ್ ತಿದ್ದಿಕೊಡಿ ಅಂತ ಕೇಳಿ. ಗಾಯ ಮಾತ್ರ ನಮೂದಾಗಿದ್ದರೆ ಅದನ್ನೇ ಆಧಾರ ಮಾಡಿ ಮೆಡಲ್‌ಗೆ ಮನವಿ ಹಾಕಿ. ಎರಡೂ ಇಲ್ಲದಿದ್ದರೆ ಟ್ರಂಕಿನಲ್ಲಿ ಸಿಕ್ಕ ಕಾಗದಗಳ ಪ್ರತಿಗಳನ್ನು ಜೋಡಿಸಿ ಕಳಿಸಿ. ಪ್ರತಿಗಳು, ಕೇಳಿಸಿತಾ? ಮೂಲ ಡಿಸ್ಚಾರ್ಜ್ ಬುಕ್ಕನ್ನು ಅವರು ಲಿಖಿತವಾಗಿ ಕೇಳುವ ತನಕ ಮನೆಯಿಂದ ಆಚೆ ಬಿಡಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಅತಿಯಾಗಿಯೇ ಎಚ್ಚರ ವಹಿಸುವವನು, ಇರಲಿ. ಬುಕ್‌ನಲ್ಲಿ ಖಾಲಿ ಜಾಗ ಇದೆ ಅಂತ ನೀವೇ ಪೆನ್ ಹಿಡಿದು ಬರೆದರಂತೂ ಮುಗಿಯಿತು. ಇರುವ ಎರಡು ಮೆಡಲ್‌ಗಳ ಮೇಲೂ ಅನುಮಾನ ಬರುತ್ತದೆ.

ಲಿಖಿತವಾಗಿ ನಿರಾಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಂತಿಮ ಆದೇಶದಿಂದ 6 ತಿಂಗಳ ಒಳಗೆ ಹೋಗಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಕೈಯಲ್ಲಿ ಕಾಗದವಿಲ್ಲದೆ ಅಲ್ಲಿಗೆ ಹೋಗಬೇಡಿ, ವಕೀಲರ ಫೀಸ್ ದಂಡ.

ಮೆಡಲ್ ಸೇರಿಸಿದರೆ ಪೆನ್ಷನ್ ಜಾಸ್ತಿ ಆಗುತ್ತದಾ?

ಇಲ್ಲ. ಪಶ್ಚಿಮಿ ಸ್ಟಾರ್, ಸೈನ್ಯ ಸೇವಾ ಮೆಡಲ್, ಲಾಂಗ್ ಸರ್ವೀಸ್ ಮೆಡಲ್ ಇವಕ್ಕೆಲ್ಲ ತಿಂಗಳ ಭತ್ಯೆ ಇಲ್ಲ. ಭತ್ಯೆ ಇರುವುದು ಶೌರ್ಯ ಪ್ರಶಸ್ತಿಗಳಿಗೆ. 2017ರ ಆಗಸ್ಟ್‌ನಿಂದ ಅದು ದುಪ್ಪಟ್ಟಾಗಿ ವೀರ ಚಕ್ರಕ್ಕೆ ತಿಂಗಳಿಗೆ 7,000, ಶೌರ್ಯಕ್ಕಾಗಿ ಕೊಟ್ಟ ಸೇನಾ ಮೆಡಲ್‌ಗೆ 2,000 ರೂಪಾಯಿ ಆಯಿತು. ಅವೆಲ್ಲ ಗೆಜೆಟ್‌ನಲ್ಲಿ ಬಂದಿರುತ್ತವೆ. ಗೆಜೆಟ್‌ನಲ್ಲಿ ಹೆಸರಿಲ್ಲದಿದ್ದರೆ ಸುಮ್ನೆ ಓಡಾಡಬೇಡಿ.

ಸ್ಪರ್ಶ್ ಪೋರ್ಟಲ್‌ನಲ್ಲಿ ಮೆಡಲ್ ಸೇರಿಸುವುದು ಹೇಗೆ?

ಸ್ಪರ್ಶ್ ಪೆನ್ಷನ್‌ಗೆ. ಡಿಸ್ಚಾರ್ಜ್ ಬುಕ್ ತಿದ್ದುವುದು ರೆಕಾರ್ಡ್ ಆಫೀಸಿನ ಕೆಲಸ.

ತಾತ 1965ರ ಯುದ್ಧದಲ್ಲಿದ್ದರು, ಪೆನ್ಷನ್ ಇಲ್ಲದೆ ಬಿಟ್ಟು ಬಂದರು. ದಾಖಲೆ ನಾಶವಾಗಿದೆ ಅಂತ ಉತ್ತರ ಬಂದಿದೆ. ಸುಳ್ಳು ಹೇಳುತ್ತಿದ್ದಾರಾ?

ಸುಳ್ಳಲ್ಲ. ಪೆನ್ಷನ್ ಇಲ್ಲದವರ ಕಡತಗಳನ್ನು 25 ವರ್ಷದ ನಂತರ ನಿಯಮದ ಪ್ರಕಾರವೇ ನಾಶ ಮಾಡುತ್ತಾರೆ. ಲಾಂಗ್ ರೋಲ್ ಅನ್ನುವ ದೊಡ್ಡ ರಿಜಿಸ್ಟರ್ ಉಳಿದಿರುತ್ತದೆ. ಅದರ ಪ್ರತಿ ಕೇಳಿ.

ಒಬ್ಬ ಏಜೆಂಟ್ ಹದಿನೈದು ಸಾವಿರಕ್ಕೆ "ಒಳಗಿಂದ" ಮಾಡಿಸಿಕೊಡುತ್ತೇನೆ ಅನ್ನುತ್ತಾನೆ.

ಅವನು ನಿಮ್ಮ ಹೆಸರಲ್ಲಿ ಅದೇ 10 ರೂಪಾಯಿಯ ಅರ್ಜಿ ಹಾಕುತ್ತಾನೆ. ಇಲ್ಲವೇ ನಕಲಿ ಸೀಲ್ ಒತ್ತುತ್ತಾನೆ. ಆಗ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ. ಫೋನ್ ನಂಬರ್ ಬ್ಲಾಕ್ ಮಾಡಿ.

ಅಂಗಡಿಯಲ್ಲಿ ಮೆಡಲ್ ಕೊಂಡು ಅಪ್ಪನಿಗೆ ಹಾಕಬಹುದಾ?

ಬುಕ್‌ನಲ್ಲಿರುವ ಮೆಡಲ್ ಕಳೆದುಹೋಗಿದ್ದರೆ ಕೊಂಡು ಹಾಕಿ. ಬುಕ್‌ನಲ್ಲಿ ಇಲ್ಲದ್ದನ್ನು ಹಾಕಿಕೊಂಡು ಆಗಸ್ಟ್ 15ರ ಸಮಾರಂಭದಲ್ಲಿ ನಿಲ್ಲಿಸಬೇಡಿ. ಎದುರಿಗೆ ಕೂತಿರುವ ಮಾಜಿ ಸೈನಿಕರು ಮೊದಲು ನೋಡುವುದೇ ರಿಬ್ಬನ್.