ಕಂಟ್ರೋಲ್ ಸಿ ಒತ್ತಿದರೂ ಕಾಪಿ ಆಗ್ತಿಲ್ಲ!

ಪ್ರಶ್ನೆ: ಉಡುಪಿಯ ಕಲ್ಸಂಕದ ಹತ್ತಿರ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೇನೆ. ವಿಂಡೋಸ್ 11. ಎರಡು ದಿನದಿಂದ ಕಂಟ್ರೋಲ್ ಸಿ, ಕಂಟ್ರೋಲ್ ವಿ ಎರಡೂ ಕೆಲಸ ಮಾಡ್ತಿಲ್ಲ, ಟೈಪಿಂಗ್‌ಗೆ ಏನೂ ತೊಂದರೆ ಇಲ್ಲ. ಹೊಸ ಕೀಬೋರ್ಡ್ ತರಬೇಕಾ ಸಾರ್?

ಉತ್ತರ: ಸ್ವಲ್ಪ ತಡೆಯಿರಿ, ದುಡ್ಡು ಈಗಲೇ ಬಿಚ್ಚಬೇಡಿ. ಮೊದಲು ಬಲಗಡೆಯ ಕಂಟ್ರೋಲ್ ಒತ್ತಿ ನೋಡಿ. ಅದರಲ್ಲಿ ಕಾಪಿ ಆಯ್ತು ಅಂದ್ರೆ ಎಡಗಡೆಯ ಕೀ ಹೋಗಿದೆ ಅಂತಲೇ ಲೆಕ್ಕ. ನಮ್ಮ ಕರಾವಳಿಯ ಮಳೆಗಾಲದ ತೇವ, ಅದರ ಮೇಲೆ ಕೌಂಟರಿನಲ್ಲಿ ಚೆಲ್ಲಿದ ಚಹಾ, ಕೀ ಅಂಟಿಕೊಳ್ಳೋದಕ್ಕೆ ಇಷ್ಟು ಸಾಕು.

ಎರಡೂ ಕಡೆಯದು ಆಗದಿದ್ದರೆ ನನಗೆ ಅನುಮಾನ ನಿಮ್ಮ ಕನ್ನಡ ಟೈಪಿಂಗ್ ಮೇಲೆ. ಕನ್ನಡ ಲೇಔಟ್ ಆನ್ ಇರುವಾಗ ಕೆಲವು ಸಾಫ್ಟ್‌ವೇರ್‌ಗಳಿಗೆ 'ಸಿ' ಒತ್ತಿದ್ದು 'ಸಿ' ಅಂತ ಗೊತ್ತೇ ಆಗೋದಿಲ್ಲ, ಅಲ್ಲಿ ಕನ್ನಡ ಅಕ್ಷರ ಕೂತಿರುತ್ತದಲ್ವಾ! ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬನ್ನಿ, ಆಮೇಲೆ ಕಾಪಿ ಮಾಡಿ. ಬೇರೆ ಕನ್ನಡ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಅದನ್ನೂ ಪೂರ್ತಿ ಮುಚ್ಚಿ.

ನೋಟ್‌ಪ್ಯಾಡ್‌ನಲ್ಲಿ ಆಗುತ್ತೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಆಗಲ್ಲ ಅಂದ್ರೆ ಸುಮ್ನೆ ಕೀಬೋರ್ಡನ್ನು ಬೈಯಬೇಡಿ, ತೊಂದರೆ ಆ ಸಾಫ್ಟ್‌ವೇರ್‌ನದ್ದೇ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್‌ಗೆ ಹೋಗಿ ಸ್ಟಿಕ್ಕಿ ಕೀಸ್ (ಕಂಟ್ರೋಲ್, ಶಿಫ್ಟ್‌ನಂಥ ಕೀ ಒಮ್ಮೆ ಒತ್ತಿ ಬಿಟ್ಟರೂ ಒತ್ತಿಯೇ ಇದೆ ಅಂತ ಲೆಕ್ಕ ಹಾಕುವ ಸೌಲಭ್ಯ) ಆಫ್ ಇದೆಯಾ ಅಂತಲೂ ನೋಡಿ. ಶಿಫ್ಟ್ ಕೀಯನ್ನು 5 ಸಲ ಒತ್ತಿದಾಗ ಇದನ್ನು ಆನ್ ಮಾಡಲೇ ಅಂತ ಬರುವ ಪ್ರಶ್ನೆಗೆ ಎಷ್ಟೋ ಜನ ಓದದೇ 'ಯೆಸ್' ಕೊಟ್ಟುಬಿಡ್ತಾರೆ.

ಅಲ್ಲಿಯವರೆಗೆ ಗಿರಾಕಿ ಕಾಯ್ತಾ ನಿಂತಿದ್ದರೆ ಮೌಸ್‌ನ ರೈಟ್ ಕ್ಲಿಕ್ ಇದೆಯಲ್ಲ, ಅದರಲ್ಲೇ ಕಾಪಿ, ಪೇಸ್ಟ್ ಮಾಡಿ.