ಒಣಗಿದ ಗಿಡಗಳ ಬಗ್ಗೆ ಕೇಳಿದ್ರಲ್ಲ, ಮೊದ್ಲು ಬೇರು ಅಗೆದು ನೋಡಿ

ಅಣ್ಣ, ಹೋದ ಮಳೆಗಾಲದಲ್ಲಿ ಆಳೆತ್ತರದ 40 ಗಿಡ ಹಾಕಿದ್ದೆ, ದಿನಾ ತಪ್ಪದೆ ನೀರು ಕೊಟ್ರೂ ಬೇಸಿಗೆ ಮುಗಿಯೋ ಹೊತ್ತಿಗೆ ಎಂಟೋ ಒಂಬತ್ತೋ ಉಳಿದಿವೆ, ಒಣಭೂಮಿಗೆ ಬೇರೆ ಯಾವ ಮರ ಆಗುತ್ತೆ ಅಂತ ಕೇಳಿದ್ದೀರಿ. ನೀವು ಹಾಕಿದ ಬೇವು, ಹೊಂಗೆ, ಹುಣಸೆ ಮೂರೂ ಒಣಭೂಮಿಗೆ ಹೇಳಿ ಮಾಡಿಸಿದ ಮರಗಳೇ, ಆಯ್ಕೆಯಲ್ಲಿ ತಪ್ಪಿಲ್ಲ. ತಪ್ಪಿರೋದು ಆ ‘ಆಳೆತ್ತರ’ದಲ್ಲಿ ಮತ್ತೆ ಆ ‘ದಿನಾ ನೀರಿ’ನಲ್ಲಿ ಅಂತ ನನಗನ್ಸುತ್ತೆ.

ಮೊದ್ಲು ಅವು ನಿಜವಾಗ್ಲೂ ಸತ್ತಿವೆಯಾ ನೋಡಿ. ಬೇಸಿಗೆಯಲ್ಲಿ ಎಲೆ ಉದುರಿದ ತಕ್ಷಣ ಸತ್ತೇ ಹೋಯ್ತು ಅನ್ಕೋಬೇಡಿ, ಕಾಂಡದ ತೊಗಟೆನ ಉಗುರಲ್ಲಿ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರು ಕಂಡ್ರೆ ಜೀವ ಇದೆ, ಕಂದು ಬಣ್ಣಕ್ಕೆ ತಿರುಗಿ ಪುಡಿ ಉದುರಿದ್ರೆ ಇನ್ನೂ ಕೆಳಗೆ ಕೆರೀರಿ. ಬುಡದ ಹತ್ರ ಹಸಿರು ಇದ್ರೂ ಮಳೆ ಬಿದ್ದ ಮೇಲೆ ಚಿಗುರೋ ಸಾಧ್ಯತೆ ಇದೆ, ಕೀಳ್ಬೇಡಿ.

ಪೂರ್ತಿ ಸತ್ತಿರೋದನ್ನ ಒಂದನ್ನಾದ್ರೂ ಸುತ್ತ ಅಗೆದು, ಮಣ್ಣು ಬಿಡಿಸಿ ಬೇರು ನೋಡಿ. ನಾನು ಹಾಗೆ ಒಂದು ಹುಣಸೆ ಗಿಡ ಅಗೆದು ನೋಡಿದಾಗ ಹೊಟ್ಟೆ ಉರಿದು ಹೋಯ್ತು. ನೆಟ್ಟು ಒಂದೂವರೆ ವರ್ಷ ಆಗಿತ್ತು, ಬೇರು ಇನ್ನೂ ಪ್ಲಾಸ್ಟಿಕ್ ಕವರಿನ ಆಕಾರದಲ್ಲೇ ಇತ್ತು! ತಾಯಿಬೇರು ಕವರಿನ ತಳ ಮುಟ್ಟಿ, ಅಲ್ಲಿಂದ ಸಿಂಬೆ ಸುತ್ತಿದ ಹಾಗೆ ಸುತ್ತ್ಕೊಂಡು ನಿಂತಿತ್ತು, ಒಂದು ಗೇಣೂ ಕೆಳಗೆ ಇಳಿದಿರಲಿಲ್ಲ. ನರ್ಸರಿ ಕವರಿನಲ್ಲಿ ಎರಡು ಮೂರು ವರ್ಷ ಇದ್ದ ಎತ್ತರದ ಗಿಡಗಳಲ್ಲಿ ಇದು ತುಂಬಾ ಸಾಮಾನ್ಯ. ಮೇಲೆ ಎಲೆ ಜಾಸ್ತಿ, ಕೆಳಗೆ ಬೇರು ಕಮ್ಮಿ, ಬಿಸಿಲು ಏರಿದಾಗ ಎಲೆ ಕೇಳೋ ನೀರನ್ನ ಆ ಬೇರು ಎಲ್ಲಿಂದ ತರಬೇಕು ಹೇಳಿ. ಅದಕ್ಕೇ ಒಂದು, ಒಂದೂವರೆ ಅಡಿಯ ಸಣ್ಣ ಗಿಡ ತಗೊಳ್ಳಿ, ನೆಡುವಾಗ ಕವರ್ ಪೂರ್ತಿ ಹರಿದು ತೆಗೆದು, ಸುತ್ತಿಕೊಂಡ ಬೇರನ್ನ ಬ್ಲೇಡಿನಲ್ಲಿ ಕತ್ತರಿಸಿ ಬಿಡಿ. ಭಯ ಪಡಬೇಡಿ, ಹೊಸ ಬೇರು ಬರುತ್ತೆ.

ಅದಕ್ಕಿಂತ ಒಳ್ಳೇದು ಜಾಗದಲ್ಲೇ ಬೀಜ ಊರೋದು, ತಾಯಿಬೇರು ಎಲ್ಲೂ ತಡೆಯಿಲ್ದೆ ನೆಟ್ಟಗೆ ಇಳಿಯುತ್ತೆ. ಹೊಂಗೆ ಬೀಜಕ್ಕೆ ಏನೂ ಉಪಚಾರ ಬೇಡ. ಬನ್ನಿ ಮರ, ಕರಿಜಾಲಿ ಇವೆರಡರ ಬೀಜದ ಸಿಪ್ಪೆ ಗಟ್ಟಿ, ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯೆಲ್ಲಾ ಬಿಡಿ, ಬೆಳಿಗ್ಗೆ ಉಬ್ಬಿದ್ದನ್ನ ಊರಿ. ಬೇವಿನ ಬೀಜ ಮಾತ್ರ ಇಟ್ಟು ಆಮೇಲೆ ಹಾಕೋಣ ಅಂದ್ರೆ ಆಗಲ್ಲ, ಹಣ್ಣಿನ ತಿರುಳು ತೊಳೆದು, ನೆರಳಲ್ಲಿ ಆರಿಸಿ ಎರಡು ಮೂರು ವಾರದೊಳಗೆ ಊರಿಬಿಡಬೇಕು, ತಡ ಆದಷ್ಟೂ ಮೊಳಕೆ ಬರೋದು ಕಮ್ಮಿ ಆಗುತ್ತೆ. (ಬಳ್ಳಾರಿ ಜಾಲಿ ಹಾಕಿ ಅಂತ ಯಾರಾದ್ರೂ ಹೇಳಿದ್ರೆ, ದಯವಿಟ್ಟು ಬೇಡ. ಅದು ಅಮೆರಿಕ ಖಂಡದಿಂದ ಬಂದ ಗಿಡ, ಬದುಕೋದೇನೋ ಬದುಕುತ್ತೆ, ಪಕ್ಕದಲ್ಲಿ ಇನ್ನೊಂದನ್ನ ಬದುಕೋಕೆ ಬಿಡಲ್ಲ.)

ಗುಂಡಿ ಬೇಸಿಗೆಯಲ್ಲೇ ಎರಡಡಿ ಉದ್ದ ಅಗಲ ಆಳ ತೆಗೆದು ಬಿಸಿಲಿಗೆ ಬಿಡಿ, ಹದಮಳೆ ಆಗಿ ಮಣ್ಣು ಒಂದಡಿ ನೆಂದ ಮೇಲೆ ನೆಡಿ. ಅದೇ ಮಣ್ಣು ತುಂಬಿ, ಜೊತೆಗೆ ಒಂದು ಬುಟ್ಟಿ ಪೂರ್ತಿ ಕಳಿತ ಗೊಬ್ಬರ ಸಾಕು. ಹಸಿ ಸಗಣಿ ಹಾಕಿದ್ರೆ ಗೊಣ್ಣೆಹುಳು, ಗೆದ್ದಲು ನಾವೇ ಕರೆದ ಹಾಗೆ. ಕವರಿನಲ್ಲಿ ಎಷ್ಟು ಮಟ್ಟಕ್ಕೆ ಮಣ್ಣಿತ್ತೋ ಅಷ್ಟೇ ಮಟ್ಟಕ್ಕೆ ನೆಡಿ, ಕಾಂಡ ಹೂತ್ರೆ ಕೊಳೆಯುತ್ತೆ. ಇಳಿಜಾರು ಇದ್ರೆ ಗಿಡದ ಕೆಳಗಡೆಗೆ ಅರ್ಧ ಚಂದ್ರದ ಹಾಗೆ ಬದು ಹಾಕಿ, ಓಡೋ ಮಳೆನೀರು ಅಲ್ಲಿ ನಿಂತು ಇಂಗಲಿ.

ಇನ್ನು ನೀರು. ದಿನಾ ಒಂದು ಚೊಂಬು ಹಾಕಿದ್ರೆ ಮೇಲಿನ ಮೂರು ನಾಲ್ಕು ಇಂಚು ಮಾತ್ರ ನೆನೆಯುತ್ತೆ, ಬೇರೂ ಅಲ್ಲೇ ಮೇಲೇ ಹರಡುತ್ತೆ, ಬೇಸಿಗೆಯಲ್ಲಿ ಮೊದ್ಲು ಕಾದು ಒಣಗೋದು ಅದೇ ಪದರ, ಒಂದೆರಡು ದಿನ ನೀರು ತಪ್ಪಿತು ಅಂದ್ರೆ ಗಿಡ ಹೋಯ್ತು. ಅದರ ಬದಲು ಎಂಟು ಹತ್ತು ದಿನಕ್ಕೊಮ್ಮೆ ಸಂಜೆ ಹೊತ್ತು 15–20 ಲೀಟರ್ ನಿಧಾನಕ್ಕೆ ಇಂಗೋ ಹಾಗೆ ಕೊಡಿ, ಮರಳು ಮಣ್ಣಾದ್ರೆ ಸ್ವಲ್ಪ ಬೇಗ, ಎರೆಮಣ್ಣಾದ್ರೆ ಇನ್ನೂ ತಡವಾಗಿ. ಮಾರನೇ ದಿನ ಒಂದು ಕಬ್ಬಿಣದ ಸರಳು ಚುಚ್ಚಿ ನೋಡಿ, ಎಲ್ಲಿವರೆಗೆ ಸಲೀಸಾಗಿ ಇಳಿಯುತ್ತೋ ಸುಮಾರು ಅಲ್ಲಿವರೆಗೆ ನೀರು ಹೋಗಿದೆ. ನೀರು ತೀರಾ ಕಮ್ಮಿ ಇದ್ರೆ ಗಿಡದಿಂದ ಒಂದಡಿ ದೂರ ಮಣ್ಣಿನ ಮಡಕೆ ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿ, ಅದು ಜಿನುಗ್ತಾನೇ ಇರುತ್ತೆ. ಒಣ ಹುಲ್ಲೋ ಎಲೆಯೋ ನಾಲ್ಕು ಇಂಚು ದಪ್ಪ ಮುಚ್ಚಿಗೆ ಮಾಡಿ, ಕಾಂಡಕ್ಕೆ ತಾಗಬಾರದು, ಒಂದು ಗೇಣು ಬಿಡಿ.

ಕೆಳಗಿನ ಕೊಂಬೆ ಈಗಲೇ ಸವರಬೇಡಿ, ಕಾಂಡ ದಪ್ಪ ಆಗೋದೇ ಅವುಗಳಿಂದ, ನೆರಳೂ ಅವೇ. ಮೇಕೆ ಬರೋ ಜಾಗ ಆದ್ರೆ ಮುಳ್ಳು ಕಟ್ಟಲೇಬೇಕು.

ಮೊದಲ ವರ್ಷ ಮೇಲೆ ಏನೂ ಬೆಳೆದ ಹಾಗೆ ಕಾಣಲ್ಲ, ಬನ್ನಿಯಂತೂ ಗೇಣುದ್ದ ಇದ್ದದ್ದು ಹಾಗೇ ಇರುತ್ತೆ, ಆಗ ಬೇಜಾರಾಗಿ ನೀರು ಜಾಸ್ತಿ ಮಾಡ್ಬೇಡಿ, ಅದು ಕೆಳಗೆ ಕೆಲಸ ಮಾಡ್ತಾ ಇರುತ್ತೆ. ಬೇರು ಅಗೆದಾಗ ಒಂದು ಫೋಟೋ ತೆಗೆದು ಇಲ್ಲೇ ಹಾಕಿ ಅಣ್ಣ, ಅಗೆಯುವಾಗ ಕೆಳಗೆ ಬೇರು ಇಳಿಯಲಾಗದಂಥ ಗಟ್ಟಿ ಮಣ್ಣಿನ ಪದರ ಸಿಕ್ರೆ ಎಷ್ಟು ಅಡಿಗೆ ಸಿಕ್ತು ಅನ್ನೋದನ್ನೂ ಬರೀರಿ, ಅದು ನೋಡಿ ಗುಂಡಿ ಇನ್ನೂ ಆಳ ಬೇಕಾ ಹೇಳ್ತೀನಿ.